ಹಲ್ಲಿನ ನಾಟಿ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಹೇಳಿ ಹಿರಿಯರು ಕೈತೊಳೆದುಕೊಂಡರು. ಹಲ್ಲಿಲ್ಲದವನು ಮುಂದೇನು ಮಾಡಬೇಕೆಂಬುದನ್ನು ಅವರು ಹೇಳಲಿಲ್ಲ. ನನಗೆ ಆ ಪ್ರಶ್ನೆ ಎದುರಾದದ್ದು ನಿವೃತ್ತನಾದ ನಾಲ್ಕನೆಯ ವರ್ಷ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ತ, ಥ, ದ, ಧ, ನ ಇವು ದಂತ್ಯಗಳು, ನಾಲಗೆಯ ತುದಿ ಹಲ್ಲಿಗೆ ತಾಗಿದಾಗ ಹುಟ್ಟತಕ್ಕವು ಎಂದು ಹಲಗೆಯ ಮೇಲೆ ಬರೆದು ಬರೆದು ಎಷ್ಟೋ ಸೀಮೆಸುಣ್ಣ ಸವೆಸಿದ್ದೇನೆ. ಒಂದು ಬೆಳಿಗ್ಗೆ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಜೋಳದ ರೊಟ್ಟಿಯ ತುಣುಕಿನೊಡನೆ ಕೈಗೆ ಬಂದಾಗ ಆ ಸೂತ್ರ ಎಷ್ಟು ನಿಜವೆಂಬುದು ಅರಿವಾಯಿತು. ಕೆಳಗಿನ ದವಡೆಹಲ್ಲೊಂದು ಅದಕ್ಕೆ ಮೊದಲೇ ಹೋಗಿತ್ತು. ಆದರೆ ಅದು ಹೋದದ್ದು ಯಾರ ಕಣ್ಣಿಗೂ ಬೀಳದ ಕಾರಣ ಅದಕ್ಕಾಗಿ ನಾನು ಶೋಕಿಸಿರಲಿಲ್ಲ.

"ರೊಟ್ಟಿ ಗಟ್ಟಿ ಆಗಿತ್ತೇನ್ರೀ?" ಎಂದಳು ನನ್ನಾಕೆ, ತಾನೇ ತಪ್ಪು ಮಾಡಿದವಳಂತೆ.

"ರೊಟ್ಟಿ ಗಟ್ಟಿ ಇದ್ದಿಲ್ಲ, ನಾನೇ ಮೆತ್ತಗಾಗೀನಿ" ಎಂದೆ. ಎಂದೆನೇನು, ಅನ್ನಲು ಹೋದೆ. ನಕಾರ ತಕಾರಗಳೆಲ್ಲ ಗಾಳಿಯಾಗಿ ಹೊರಟುಹೋದವು.

ಇಲ್ಲಿ ನನ್ನ ತಂದೆಯ ಸಂಗತಿಯನ್ನು ಹೇಳಬೇಕು. ಅಪ್ಪನಿಗೆ ಐವತ್ತು ದಾಟುವ ಮೊದಲೇ ಮುಂದಿನ ಹಲ್ಲುಗಳು ಬಿದ್ದಿದ್ದವು. ಆಗ ಹಲ್ಲು ಕಟ್ಟಿಸುವುದು ದೊಡ್ಡವರ ಮಾತು. ಅವನು ಎಲ್ಲರ ಊಟವಾದ ಮೇಲೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಯಿಟ್ಟು, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಮದುವೆಗೆ, ಜಾತ್ರೆಗೆ ಹೋಗುವುದನ್ನು ಬಿಟ್ಟ. ನಗು ಬಂದರೆ ಹೆಗಲ ಮೇಲಿನ ವಲ್ಲಿ ಬಾಯಿಗೆ ಹೋಗುತ್ತಿತ್ತು. ನನ್ನ ಹೆಸರಿನ ಮೊದಲಕ್ಷರ ದಕಾರ. ಅಪ್ಪ ಕೂಗಿದರೆ ಅದು ದಕಾರವೂ ಅಲ್ಲ, ಹಕಾರವೂ ಅಲ್ಲ, ನಡುವಿನದೊಂದು ಸದ್ದು. ಓಣಿಯ ಹುಡುಗರು ಅದನ್ನು ಅಣಕಿಸುತ್ತಿದ್ದರು. ಒಂದು ದಿನ ಅವರೊಡನೆ ನಾನೂ ಅಣಕಿಸಿ ನಕ್ಕೆ. ತಿರುಗಿ ನೋಡಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು, "ಏ ಹುಡುಗಾ" ಎನ್ನತೊಡಗಿದ. ಸಾಯುವವರೆಗೂ ಹಾಗೆಯೇ ಕರೆದ.

ನನ್ನ ಹಲ್ಲು ಬಿದ್ದ ವಾರದಲ್ಲಿ ಮೊಮ್ಮಗ ಬಂದಿದ್ದ. ಅವನ ಹೆಸರಿನಲ್ಲಿ ದಕಾರವೂ ಇದೆ, ನಕಾರವೂ ಇದೆ. ಅಂಗಳದಲ್ಲಿ ಆಡುತ್ತಿದ್ದವನನ್ನು ಕರೆಯಹೋಗಿ, ನನಗೆ ತಿಳಿಯದೆಯೇ "ಏ ಹುಡುಗಾ" ಎಂದುಬಿಟ್ಟೆ. ಎಂದವನು ಅಲ್ಲಿಯೇ ನಿಂತೆ. ಆ ಮಾತಿನಲ್ಲಿ ಒಂದೂ ದಂತ್ಯಾಕ್ಷರವಿಲ್ಲ! ವ್ಯಾಕರಣ ಕಲಿಸಿ ಬದುಕಿದ ನನಗೆ ಇದು ಹೊಳೆಯಲು ಐವತ್ತು ವರ್ಷ ಬೇಕಾಯಿತು. ನನ್ನ ಹಲ್ಲೇ ಬೀಳಬೇಕಾಯಿತು. ಹಲ್ಲು ಹಾಕಿಸಿಕೊಳ್ಳಬೇಕೆಂದು ನಾನು ನಿಶ್ಚಯಿಸಿದ್ದು ಆಗ.

ನಮ್ಮ ಮಸ್ಕಿ ಇರುವುದು ಸಿಂಧನೂರಿಗೂ ಲಿಂಗಸುಗೂರಿಗೂ ನಡುವಿನ ದಾರಿಯಲ್ಲಿ. ಮಸ್ಕಿಯೇ ತಾಲ್ಲೂಕಾಗುವ ಮೊದಲು ಕಚೇರಿಯ ಕಾಗದಕ್ಕೆ ನಾವು ಲಿಂಗಸುಗೂರಿನ ಬಸ್ಸು ಹತ್ತುತ್ತಿದ್ದೆವು, ಮದುವೆಯ ಜವಳಿಗೆ ಸಿಂಧನೂರಿನದು. ಹಲ್ಲು ಕಾಗದವೋ ಜವಳಿಯೋ ತೀರ್ಮಾನವಾಗದೆ ಎರಡೂ ಕಡೆ ಓಡಾಡಿದೆ. ಮೊದಲು ಹೋದ ಕಡೆ, ಅದು ಎಲ್ಲಿಯದೆಂಬುದು ಬೇಡ, ಬಾಯಿ ತೆರೆಯುವ ಮೊದಲೇ "ಮೂರು ದಿನದಾಗ ಹಲ್ಲು ಕುಂದರಿಸಿ ಕೊಡ್ತೀವ್ರಿ" ಎಂದರು. ಮುಂಗಡ ಎಷ್ಟು ತಂದಿದ್ದೇನೆಂದು ಕೇಳಿದರು. ಬೇರೇನನ್ನೂ ಕೇಳಲಿಲ್ಲ. ಇಷ್ಟು ಸುಲಭವಾಗಿ ಬರುವುದು ಇಷ್ಟೇ ಸುಲಭವಾಗಿ ಹೋಗಬಹುದೆನ್ನಿಸಿ ಎದ್ದುಬಂದೆ.

ಎರಡನೆಯ ಕಡೆ ಇದ್ದವರು ನನ್ನ ಮಗಳಿಗಿಂತ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಹಲ್ಲನ್ನು ನೋಡುವ ಮೊದಲು ಜಾತಕ ಕೇಳಿದರು. ಶುಗರ್ ಐತೇನ್ರಿ? ತಂಬಾಕು ತಿಂತೀರೇನ್ರಿ? ರಕ್ತ ತೆಳ್ಳಗಾಗೋ ಗುಳಿಗಿ, ಎಲುಬು ಸವೆತದ ಔಷಧ ಏನಾದ್ರೂ ತಗೊಳ್ತೀರೇನ್ರಿ? ಮೊದಲ ಎರಡಕ್ಕೂ ಹೌದೆಂದೆ. ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ 9ಕ್ಕೂ ಮೇಲಿತ್ತು. ಸಕ್ಕರೆ ಏರಿದ್ದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಇಳಿಯುವುದು ಕಷ್ಟ, ಗಾಯವೂ ಬೇಗ ಮಾಯುವುದಿಲ್ಲ ಎಂದು ತಿಳಿಹೇಳಿ, "7ರ ಹತ್ರಕ್ಕ ಇಳಿಸ್ಕೊಂಡು ಬರ್ರಿ ಸರ್, ತಂಬಾಕು ಬಿಟ್ಟು ಬರ್ರಿ. ಅವಸರ ಮಾಡಬ್ಯಾಡ್ರಿ, ಹಲ್ಲು ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದರು.

"ಆಗಲೇ ಓಡಿ ಹೋಗ್ಯಾವಲ್ಲವ್ವಾ!" ಎಂದೆ.

ನಾಲ್ಕು ತಿಂಗಳು ನಡೆದೆ, ಅನ್ನ ಇಳಿಸಿದೆ, ನಲವತ್ತು ವರ್ಷದ ಎಲೆ ತಂಬಾಕಿನ ಚಂಚಿಯನ್ನು ಹಳ್ಳಕ್ಕೆ ಬಿಟ್ಟೆ. ಮತ್ತೆ ಹೋದಾಗ ಡಾಕ್ಟರಮ್ಮ ಮೂರು ದಾರಿ ತೋರಿದರು. ತೆಗೆದು ಹಾಕುವ ಹಲ್ಲಿನ ಪಟ್ಟಿ ಎಲ್ಲಕ್ಕಿಂತ ಅಗ್ಗ. ಎರಡನೆಯದು ಸೇತುವೆ. ಅದಕ್ಕೆ ಆಚೀಚಿನ ಗಟ್ಟಿ ಹಲ್ಲುಗಳನ್ನು ಅರೆದು ಸಣ್ಣ ಮಾಡಿ ಕವಚ ತೊಡಿಸಬೇಕು. ನನ್ನ ಬಡತನ ಮುಚ್ಚಲು ನೆರೆಯವರನ್ನು ಸವೆಸುವ ಈ ಉಪಾಯ ನನಗೆ ಒಗ್ಗಲಿಲ್ಲ. ಮೂರನೆಯದು ದವಡೆಯ ಎಲುಬಿನಲ್ಲಿ ಟೈಟಾನಿಯಮ್ ತಿರುಪನ್ನು ನೆಟ್ಟು ಅದರ ಮೇಲೆ ಹಲ್ಲು ಕೂರಿಸುವುದು, ಇಂಪ್ಲಾಂಟ್. ಒಂದಕ್ಕೆ 30,000 ರೂಪಾಯಿ, ಎರಡಕ್ಕೆ 60,000. ನಾವು ಕಾಶಿಯಾತ್ರೆಗೆಂದು ತೆಗೆದಿರಿಸಿದ್ದೂ ಸರಿಯಾಗಿ ಅಷ್ಟೇ. ಮನೆಗೆ ಬಂದು ಮುಖ ಸಣ್ಣ ಮಾಡಿ ಕುಳಿತೆ.

"ಹಾಕಿಸ್ಕೊಂಡು ಬರ್ರಿ" ಎಂದಳು ನನ್ನಾಕೆ. "ಕಾಶಿ ಎಲ್ಲಿ ಹೋಗ್ತದ? ಅಲ್ಲಿಗೆ ಹೋಗಿ ಹಲ್ಲಿಲ್ದ ಬಾಯಿಲೆ ವಿಶ್ವನಾಥ ಅಂತ ಹೆಂಗ ಅಂತೀರಿ?" ಅವಳು ವ್ಯಾಕರಣ ಓದಿದವಳಲ್ಲ. ಆದರೂ ಸೂತ್ರ ಅವಳಿಗೆ ತಿಳಿದಿತ್ತು.

ಲೋಹ ಎಲುಬಿನೊಡನೆ ಹೇಗೆ ಬೆರೆಯುತ್ತದೆಂಬ ಕಥೆಯನ್ನು ಡಾಕ್ಟರಮ್ಮನೇ ಹೇಳಿದರು. 1952ರಲ್ಲಿ ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ವೈದ್ಯರು ಎಲುಬಿನೊಳಗೆ ರಕ್ತ ಹರಿಯುವ ಬಗೆಯನ್ನು ನೋಡಲು ಮೊಲದ ಕಾಲಿಗೆ ಟೈಟಾನಿಯಮ್ಮಿನ ಪುಟ್ಟ ಕೊಳವೆಯನ್ನು ಅಳವಡಿಸಿದರಂತೆ. ಕೆಲಸ ಮುಗಿದ ಮೇಲೆ ಕೀಳಹೋದರೆ ಅದು ಬರಲೊಲ್ಲದು, ಎಲುಬೇ ಅದನ್ನು ಅಪ್ಪಿಕೊಂಡುಬಿಟ್ಟಿತ್ತು. 1965ರಲ್ಲಿ ಅವರು ಮೊದಲ ಸಲ ಮನುಷ್ಯನ ದವಡೆಗೆ ಇಂಥ ಬೇರುಗಳನ್ನು ನೆಟ್ಟರು. ಆ ಮನುಷ್ಯ 2006ರಲ್ಲಿ ತೀರಿಕೊಳ್ಳುವವರೆಗೆ, ನಲವತ್ತು ವರ್ಷ, ಅವು ನಿಂತಿದ್ದವು. ಕೇಳುತ್ತ ನನಗೆ ನಮ್ಮೂರ ಗುಡ್ಡ ನೆನಪಾಯಿತು. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರು ಚಿನ್ನದ ಜಾಡು ಹಿಡಿದು ಮಸ್ಕಿಯಲ್ಲಿ ಅಲೆಯುವಾಗ ಬಂಡೆಯ ಮೇಲೆ ಅಕ್ಷರ ಕಂಡ. ದೇವಾನಾಂಪ್ರಿಯನೆಂದಷ್ಟೇ ಅಲ್ಲದೆ ಅಶೋಕನೆಂಬ ಹೆಸರೇ ಓದಸಿಕ್ಕಿದ ಮೊದಲ ಶಾಸನ ಅದು. ಚಿನ್ನ ಹುಡುಕಿದವನಿಗೆ ಅಶೋಕ ಸಿಕ್ಕ, ರಕ್ತ ನೋಡಹೊರಟವನಿಗೆ ಹಲ್ಲು ಸಿಕ್ಕಿತು!

ಮೂರು ಆಯಾಮದ ಎಕ್ಸ್‌ರೇಗಾಗಿ ರಾಯಚೂರಿಗೆ ಹೋಗಿಬಂದೆ. ಎಲುಬು ಎಷ್ಟು ದಪ್ಪವಿದೆ, ಕೆಳದವಡೆಯ ನರ ಎಲ್ಲಿ ಹಾಯ್ದಿದೆ ಎಂಬುದು ತಿಳಿಯದೆ ಕೊರೆಯಬಾರದಂತೆ. ಎಲುಬು ಕರಗಿದವರಿಗೆ ಮೊದಲು ಎಲುಬಿನ ಪುಡಿ ತುಂಬಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ನನಗೆ ಆ ಪ್ರಸಂಗ ಬರಲಿಲ್ಲ.

ಇನ್ನು ಕೊರೆಯುವ ದಿನ. ನೋವಾಯಿತೆ ಎಂದು ಎಲ್ಲರೂ ಕೇಳುತ್ತಾರೆ. ಮರಗಟ್ಟುವ ಸೂಜಿಯ ಚುಚ್ಚು ಬಿಟ್ಟರೆ ನೋವಿಲ್ಲ, ಸದ್ದು ಮಾತ್ರ ಉಂಟು. ಬೋರ್‌ವೆಲ್ ಲಾರಿ ಬಂದು ತಲೆಯೊಳಗೇ ನಿಂತಂತೆ! ವಸಡು ಸೀಳಿ, ಸಣ್ಣದರಿಂದ ದಪ್ಪಕ್ಕೆ ಒಂದೊಂದೇ ಸಲಾಕೆ ಬದಲಿಸುತ್ತ, ಮೇಲಿಂದ ನೀರು ಬಿಡುತ್ತ ಕೊರೆದರು. ಎಲುಬು 47 ಡಿಗ್ರಿಯಲ್ಲಿ ಒಂದು ನಿಮಿಷ ಕಾದರೂ ಕೆಡುತ್ತದೆಂಬ ಕಾರಣಕ್ಕೆ ಆ ನೀರು. ಒಂದು ತಾಸಿನಲ್ಲಿ ಎರಡೂ ತಿರುಪು ಒಳಗೆ ಸೇರಿ ಮೇಲೆ ಹೊಲಿಗೆ ಬಿತ್ತು. ಮನೆಗೆ ಬಂದ ಮೇಲೆ ಮೂರು ದಿನ ಕೆನ್ನೆ ಊದಿ ಕುಂಬಳಕಾಯಿಯಾಯಿತು. ಬರಫು ಒತ್ತಿದೆ, ಗುಳಿಗೆ ನುಂಗಿದೆ, ಗಂಜಿ ಕುಡಿದೆ, ಮರುದಿನದಿಂದ ಉಪ್ಪುನೀರು ಮುಕ್ಕಳಿಸಿದೆ. ಹತ್ತನೆಯ ದಿನ ಹೊಲಿಗೆ ಬಿಚ್ಚಿದರು.

ಆಮೇಲೆ ಕಾಯುವ ಕೆಲಸ. ಕೆಳದವಡೆಗೆ ಮೂರು ತಿಂಗಳು, ಮೇಲಿನದಕ್ಕೆ ಆರು, ಏಕೆಂದರೆ ಮೇಲಿನ ಎಲುಬು ಮೆತ್ತಗೆ. ಅಲ್ಲಿಯವರೆಗೆ ಮುಂದಿನ ಹಲ್ಲಿನ ಜಾಗಕ್ಕೆ ತೆಗೆದಿಡುವ ತಾತ್ಕಾಲಿಕ ಹಲ್ಲು. ನಾನು ತಿರುಪು ನೆಡಿಸಿಕೊಂಡ ವಾರದಲ್ಲಿಯೇ ಸಿಂಧನೂರಿನ ಕಾಲುವೆಯ ಕೆಳಗೆ ಭತ್ತದ ನಾಟಿ ನಡೆದಿತ್ತು. ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದೆ. ಪೈರು ಹಸುರಾಯಿತು, ಹೊಡೆಯಾಯಿತು, ತೆನೆ ಬಾಗಿತು, ಕೊಯ್ಲೂ ಮುಗಿಯಿತು. ನನ್ನ ನಾಟಿ ಮಾತ್ರ ಇನ್ನೂ ನೆಲದೊಳಗೇ ಇತ್ತು. ಮೂರು ದಿನದಲ್ಲಿ ಹಲ್ಲು ಕೊಡುತ್ತೇನೆಂದವರ ನೆನಪಾಗಿ ನಗು ಬಂತು. ಹಾಗೆ ಬೇಗ ಕೂರಿಸುವುದು ಕೆಲವರಿಗೆ ಸಾಧ್ಯವಂತೆ. ಆದರೆ ಅದು ಯಾರಿಗೆಂದು ಹೇಳಬೇಕಾದದ್ದು ಎಲುಬು, ಮುಂಗಡವಲ್ಲ.

ಕಡೆಗೆ ಅಳತೆ ತೆಗೆದು ಹಲ್ಲು ಕೂರಿಸಿದರು. ಹೊಸ ಹಲ್ಲು ಹಳೆಯದಲ್ಲ, ಇದನ್ನು ಮರೆಮಾಚಬಾರದು. ದೇವರು ಕೊಟ್ಟ ಹಲ್ಲಿಗೂ ಎಲುಬಿಗೂ ನಡುವೆ ನಾರಿನ ತೆಳು ಪದರವಿರುತ್ತದೆ. ರೊಟ್ಟಿಯೊಳಗಿನ ಮರಳು ಕಣ ತಟ್ಟನೆ ತಿಳಿಯುವುದು ಅದರಿಂದ. ನೆಟ್ಟ ಹಲ್ಲಿಗೆ ಅದಿಲ್ಲ, ಅದು ಕೆಲಸ ಮಾಡುತ್ತದೆ, ರುಚಿ ನೋಡುವುದಿಲ್ಲ. ಅದಕ್ಕೆ ಹುಳುಕು ಹಿಡಿಯದು ನಿಜ, ಆದರೆ ಸುತ್ತಲಿನ ವಸಡು ಕೆಟ್ಟರೆ ಎಲುಬು ಕರಗಿ ತಿರುಪೇ ಸಡಿಲಾದೀತು. ದಿನವೂ ಉಜ್ಜಬೇಕು, ಆರು ತಿಂಗಳಿಗೊಮ್ಮೆ ತೋರಿಸಬೇಕು, ಚಂಚಿಯನ್ನು ಮತ್ತೆ ಹುಡುಕಬಾರದು. 100ಕ್ಕೆ 90ಕ್ಕೂ ಹೆಚ್ಚು ಹತ್ತು ವರ್ಷ ನಿಲ್ಲುತ್ತವೆಂದು ಹೇಳುತ್ತಾರೆ. ಉಳಿದವರಲ್ಲಿ ನಾನಿರಬಾರದೆಂಬ ಕರಾರನ್ನು ಯಾರೂ ಬರೆದುಕೊಟ್ಟಿಲ್ಲ.

ಅಂದು ಸಂಜೆ ಊರಿಗೆ ಬಂದಾಗ ಮೊಮ್ಮಗ ಅಂಗಳದಲ್ಲಿ ಗೋಲಿಯಾಡುತ್ತಿದ್ದ. ಕಟ್ಟೆಯ ಮೇಲೆ ನಿಂತು ಅವನ ಹೆಸರು ಹಿಡಿದು ಕೂಗಿದೆ, ದಕಾರವನ್ನೂ ನಕಾರವನ್ನೂ ಒತ್ತಿ, ಓಣಿಯ ಕೊನೆಗೆ ಕೇಳುವಂತೆ.

"ಏನ್ ತಾತಾ?" ಎಂದು ಓಡಿಬಂದ.

"ಏನಿಲ್ಲಪ್ಪಾ, ಸುಮ್ಮನ ಕರದೆ" ಎಂದೆ.