ಪೆನ್ಸಿಲ್ಲಿನ ಕಪ್ಪು

ಹರಪನಹಳ್ಳಿಯಂಥ ಊರುಗಳಲ್ಲಿ ಉರ್ದುವನ್ನೂ ಕನ್ನಡವನ್ನೂ ಓದಿದ ನಮ್ಮಂಥವರಿಗೆ ಪೆನ್ಸಿಲ್ ಒಂದೇ, ದಿಕ್ಕು ಎರಡು. ಒಂದು ಪುಸ್ತಕದಲ್ಲಿ ಬಲದಿಂದ ಎಡಕ್ಕೆ, ಇನ್ನೊಂದರಲ್ಲಿ ಎಡದಿಂದ ಬಲಕ್ಕೆ ಅದೇ ಕಪ್ಪು ಗೆರೆ. ಆ ಕಪ್ಪು ಗ್ರಾಫೈಟ್. ಇಂಗಾಲದ ಹಾಳೆಗಳು ಒಂದರ ಮೇಲೊಂದು ಕೂತದ್ದು. ಒಂದು ಮಿಲಿಮೀಟರಿನಲ್ಲಿ ಸುಮಾರು 30 ಲಕ್ಷ ಹಾಳೆಗಳು.

2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಪಟ್ಟಿ ಹಚ್ಚಿ ಕಿತ್ತು ಅದರ ಒಂದೇ ಹಾಳೆಯನ್ನು ಬೇರೆ ಮಾಡಿದರು. ಒಂದು ಪರಮಾಣುವಿನಷ್ಟೇ ದಪ್ಪದ ಅದರ ಹೆಸರು ಗ್ರಾಫೀನ್. 2010ರಲ್ಲಿ ಅವರಿಗೆ ನೊಬೆಲ್ ಬಂತು. ಈ ಹಾಳೆಯಲ್ಲಿ ಎಲೆಕ್ಟ್ರಾನುಗಳು ತೂಕವೇ ಇಲ್ಲದಂತೆ ಓಡುತ್ತವೆ.

ಲೋಹಗಳಲ್ಲಿ ವಿದ್ಯುತ್ತನ್ನು ಒಯ್ಯುವ ಎಲೆಕ್ಟ್ರಾನುಗಳೇ ಶಾಖವನ್ನೂ ಒಯ್ಯುತ್ತವೆ. ಒಂದು ಹೆಚ್ಚಿದರೆ ಇನ್ನೊಂದೂ ಹೆಚ್ಚುತ್ತದೆ. ಇದು 1853ರ ವೀಡೆಮನ್-ಫ್ರಾಂಜ್ ನಿಯಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರಿಂದಮ್ ಘೋಷ್ ಅವರ ತಂಡ, ಜಪಾನಿನ ವಿಜ್ಞಾನಿಗಳೊಂದಿಗೆ ಸೇರಿ, ಅತಿ ಶುದ್ಧ ಗ್ರಾಫೀನನ್ನು ಕಡುಶೀತದಲ್ಲಿ ಅಳೆಯಿತು. ಅಲ್ಲಿ ಈ ನಿಯಮ 200 ಪಟ್ಟಿಗೂ ಮಿಕ್ಕಿ ತಪ್ಪುತ್ತದೆಂದು 2025ರಲ್ಲಿ ತೋರಿಸಿತು. ಎಲೆಕ್ಟ್ರಾನುಗಳು ಬಿಡಿ ಕಣಗಳಾಗಿರದೆ ಒಂದೇ ದ್ರವದಂತೆ ಹರಿಯುತ್ತವೆ.

ನಮ್ಮ ಓಣಿಯ, ಪಿಯುಸಿ ವಿಜ್ಞಾನ ಓದುವ ಹುಡುಗಿಗೆ ಇದನ್ನು ಹೇಳಿದೆವು. ಕಣ್ಣರಳಿಸಿ ಕೇಳಿದಳು. ಆಮೇಲೆ, “ಚಾಚಾ, ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕಲ್ಲ? ಅಬ್ಬಾ ಕಳಿಸೋದಿಲ್ಲ” ಎಂದಳು.

170 ವರ್ಷ ಹಳೆಯ ನಿಯಮವನ್ನೂ ಮತ್ತೆ ಅಳೆದು ನೋಡುವವರಿದ್ದಾರೆ. ‘ಹೆಣ್ಣುಮಕ್ಕಳಿಗೆ ಇಷ್ಟು ಓದು ಸಾಕು’ ಎಂಬ ನಮ್ಮ ಮನೆಗಳ ನಿಯಮವನ್ನು ಅಳೆಯುವವರು ಯಾರು? ಅದಕ್ಕೆ ಪ್ರಯೋಗಾಲಯ ಬೇಕಿಲ್ಲ. ಅವಳ ಅಬ್ಬಾನ ಪಕ್ಕದಲ್ಲಿ ಕೂತು ಮಾತಾಡುವ ಧೈರ್ಯ ನಮಗಿದ್ದರೆ ಸಾಕು.