‘ನನ್ ಕೈಲಾಗಲ್ಲ ಬಿಡಪ್ಪ’

ಪ್ರತಿ ನವೆಂಬರ್ 14ಕ್ಕೆ ನನ್ನಂಥ ಸ್ಟ್ರಿಂಗರ್‌ಗಳಿಗೆ ಒಂದು ಸುದ್ದಿ ಖಾಯಂ. ವಿಶ್ವ ಮಧುಮೇಹ ದಿನ. ಶಾಲೆ ಮಕ್ಕಳ ಜಾಥಾ, ಬ್ಯಾನರ್, ವೇದಿಕೆ, ಭಾಷಣ. ಕೊನೆಗೆ ‘ಜನರಲ್ಲಿ ಅರಿವು ಮೂಡಿಸುವ ಅಗತ್ಯವಿದೆ’ ಎಂಬ ಸಾಲು. ಆ ಸಾಲನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ.

ಆದರೆ ಅರಿವಿಗೆ ಏನೂ ಕೊರತೆ ಇಲ್ಲದವರೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ನಮ್ಮವ್ವ. ಶುಗರ್ ಬಂದು ಆರು ವರ್ಷವಾಯಿತು. ಸಕ್ಕರೆಯೂ ಬೆಲ್ಲವೂ ಒಂದೇ ಅಂತ ಅವಳಿಗೆ ಗೊತ್ತು. ಅನ್ನ, ಮುದ್ದೆ ಕಮ್ಮಿ ಮಾಡಿ ಸೊಪ್ಪು, ಕಾಳು ಜಾಸ್ತಿ ತಿನ್ನಬೇಕು ಅಂತ ಗೊತ್ತು. ಮಾತ್ರೆ ಬಿಟ್ಟರೆ ಕಣ್ಣು, ಕಿಡ್ನಿ, ಕಾಲಿಗೆ ಕುತ್ತು ಅಂತಲೂ ಗೊತ್ತು. ಬೀದಿಯಲ್ಲಿ ಯಾರಿಗಾದರೂ ಹೊಸದಾಗಿ ಶುಗರ್ ಬಂದರೆ ಇದನ್ನೆಲ್ಲ ಹೇಳಿಕೊಡುವವಳೇ ಅವಳು. ಆದರೆ ಒಂದು ತಿಂಗಳಿಗೆ ಕೊಟ್ಟ ಮಾತ್ರೆ ಅವಳ ಡಬ್ಬಿಯಲ್ಲಿ ಎರಡು ತಿಂಗಳು ಬರುತ್ತಿತ್ತು. ಕೇಳಿದರೆ ಒಂದೇ ಉತ್ತರ: ‘ದಿನಾ ಇದೇ ಗೋಳು. ನನ್ ಕೈಲಾಗಲ್ಲ ಬಿಡಪ್ಪ.’

ಸುದ್ದಿಗೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಹೊರಗೆ ಕಾಯುತ್ತಿದ್ದವರ ಜೊತೆ ಕೂತು ಕಿವಿಗೊಟ್ಟೆ. ಶುಗರ್, ಬಿಪಿ ಮಾತ್ರೆಗೆ ಬಂದವರೇ ಹೆಚ್ಚು. ‘ನಮ್ಮಪ್ಪನಿಗೂ ಇತ್ತು, ನಂಗೂ ಬಂತು, ಹಣೇಬರ’ ಅಂದರು ಒಬ್ಬ ಯಜಮಾನರು. ‘ನನಗೊಬ್ಬಳಿಗೇ ಅಂತ ಉಪ್ಪಿಲ್ಲದ ಸಾರು ಮಾಡಕ್ಕಾಗ್ತದಾ?’ ಅಂದಳು ಒಬ್ಬ ಸೊಸೆ. ‘ಬೀಡಿ ಬಿಡು ಅಂತಾರೆ. ಮೂರು ಸಲ ಬಿಟ್ಟೆ, ಮೂರು ಸಲ ಹಿಡಿದೆ’ ಅಂದ ಇನ್ನೊಬ್ಬ. ಏನು ಮಾಡಬೇಕು ಅಂತ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ತಮ್ಮಿಂದ ಆಗುತ್ತೆ ಅನ್ನುವ ನಂಬಿಕೆ ಇದ್ದವರೂ ಕಾಣಲಿಲ್ಲ.

ಈ ನಂಬಿಕೆಯನ್ನೇ ಜೀವಮಾನವಿಡೀ ಅಧ್ಯಯನ ಮಾಡಿದವರು ಆಲ್ಬರ್ಟ್ ಬಂಡೂರ (1925–2021). ಕೆನಡಾದ ಒಂದು ಸಣ್ಣ ಊರಲ್ಲಿ ಹುಟ್ಟಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದ ಮನಶ್ಶಾಸ್ತ್ರಜ್ಞ. ಹಾವೆಂದರೆ ನಡುಗುವ ಜನರನ್ನು ಕರೆದು ಅವರು ಪ್ರಯೋಗ ಮಾಡಿದರು. ವಿಷವಿಲ್ಲದ ಹಾವನ್ನು ಬೇರೆಯವರು ಹಿಡಿಯುವುದನ್ನು ಮೊದಲು ತೋರಿಸಿದರು. ಆಮೇಲೆ ಒಂದೊಂದೇ ಹೆಜ್ಜೆ ಹತ್ತಿರಕ್ಕೆ ತಂದರು. ಆಮೇಲೆ ಗ್ಲೌಸ್ ಹಾಕಿ ಮುಟ್ಟಿಸಿದರು, ಕೊನೆಗೆ ಬರಿಗೈಯಲ್ಲಿ. ‘ಹೆದರಬೇಡ’ ಅಂತ ಭಾಷಣ ಮಾಡಿದ್ದಕ್ಕಿಂತ, ಮುಟ್ಟಿ ನೋಡಿದ್ದೇ ಹೆಚ್ಚು ಕೆಲಸ ಮಾಡಿತು. 1977ರಲ್ಲಿ ಅವರು ಇದರ ಮೇಲೆ ಒಂದು ದೊಡ್ಡ ಪ್ರಬಂಧ ಬರೆದರು. ಒಂದು ನಿರ್ದಿಷ್ಟ ಕೆಲಸ ‘ನನ್ನಿಂದ ಆಗುತ್ತೆ’ ಅನ್ನುವ ನಂಬಿಕೆಗೆ ಅವರು ಬೇರೆ ಹೆಸರನ್ನೇ ಕೊಟ್ಟರು. ನಮ್ಮ ಕಡೆ ಅದಕ್ಕೆ ಮೊದಲಿಂದಲೂ ಒಂದು ಮಾತಿದೆ: ಕೈಲಾಗುತ್ತೆ.

‘ನಿರ್ದಿಷ್ಟ ಕೆಲಸ’ ಅನ್ನುವುದನ್ನು ಗಮನಿಸಿ. ಇದು ಒಟ್ಟಾರೆ ಧೈರ್ಯವಲ್ಲ. ನಮ್ಮವ್ವ ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡುತ್ತಾಳೆ, ಬ್ಯಾಂಕ್ ಮ್ಯಾನೇಜರ್ ಎದುರು ಕೂತು ಜೋರಾಗಿ ಮಾತಾಡುತ್ತಾಳೆ, ಹಸುವಿನ ಹೆರಿಗೆ ಮಾಡಿಸುತ್ತಾಳೆ. ಅಂಥವಳು ಎರಡು ಮಾತ್ರೆ ಮುಂದೆ ಸೋಲೊಪ್ಪಿಕೊಳ್ಳುತ್ತಾಳೆ.

ಈ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಅನ್ನುತ್ತಾರೆ ಬಂಡೂರ. ಎಲ್ಲಕ್ಕಿಂತ ಗಟ್ಟಿಯಾದದ್ದು, ತಾನೇ ಮಾಡಿ ಗೆದ್ದ ಅನುಭವ. ಎರಡನೆಯದು, ತನ್ನಂಥವರೇ ಮಾಡಿದ್ದನ್ನು ಕಣ್ಣಾರೆ ನೋಡುವುದು. ಮೂರನೆಯದು, ನಂಬುವವರು ಹೇಳುವ ಒಳ್ಳೆ ಮಾತು. ನಾಲ್ಕನೆಯದು, ನಮ್ಮ ದೇಹ ಕೊಡುವ ಸೂಚನೆ. ಮೊದಲ ದಿನ ನಡೆದಾಗ ಏದುಸಿರು ಬಂದರೆ ‘ಇದು ನಂಗಾಗಲ್ಲ’ ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ಅಭ್ಯಾಸವಿಲ್ಲದ ಸುಸ್ತು ಬೇರೆ, ಕಾಯಿಲೆಯ ಸೂಚನೆ ಬೇರೆ. ಎದೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇನ್ಸುಲಿನ್ ಅಥವಾ ಕೆಲವು ಬಗೆಯ ಶುಗರ್ ಮಾತ್ರೆ ತಗೊಳ್ಳುವವರಿಗೆ ಕೈ ನಡುಗಿ ಬೆವರು ಬಂದರೆ ಶುಗರ್ ಕೆಳಗಿಳಿದಿರಬಹುದು. ತಕ್ಷಣ ಸಕ್ಕರೆ ನೀರು ಕುಡಿದು, ಆಮೇಲೆ ಡಾಕ್ಟರಿಗೆ ಹೇಳಬೇಕು.

ಈಗ ನಮ್ಮಲ್ಲಿ ನಡೆಯುವುದನ್ನು ನೋಡಿ. ಸಾಲು ಉದ್ದ ಇದೆ, ಡಾಕ್ಟರಿಗೆ ಒಬ್ಬೊಬ್ಬರಿಗೆ ಎರಡು ನಿಮಿಷ. ‘ಅನ್ನ ಬಿಡಿ, ಸಿಹಿ ಬಿಡಿ, ಉಪ್ಪು ಬಿಡಿ, ದಿನಾ ನಡೀರಿ, ಮಾತ್ರೆ ತಪ್ಪಿಸಬೇಡಿ.’ ಐದು ಕೆಲಸ ಒಟ್ಟಿಗೆ. ಮನೆಗೆ ಬಂದವರು ಮೂರನೇ ದಿನಕ್ಕೆ ಐದರಲ್ಲೂ ಸೋಲುತ್ತಾರೆ. ಮುಂದಿನ ತಿಂಗಳು ಹೋದಾಗ ಬೈಗುಳ. ಅದರ ಮುಂದಿನ ತಿಂಗಳು ಹೋಗುವುದೇ ಇಲ್ಲ.

ಹೋಗದಿದ್ದರೆ ಏನಾಗುತ್ತೆ ಅನ್ನುವುದು ನಮ್ಮೂರಿಗೆ ಗೊತ್ತು. ನನಗೆ ಚಿಕ್ಕಪ್ಪನಾಗಬೇಕಾದ ಒಬ್ಬರು ಎರಡು ವರ್ಷ ಮಾತ್ರೆ ಬಿಟ್ಟಿದ್ದರು. ಶುಗರ್ ನರಗಳನ್ನು ತಿಂದರೆ ಪಾದಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಎರಡು ಬೆರಳು ತೆಗೆಸಬೇಕಾಯಿತು.

ದಾರಿ ಏನು? ಅದೇ ಸ್ಟ್ಯಾನ್‌ಫರ್ಡಿನಲ್ಲಿ ಕೇಟ್ ಲೋರಿಗ್ ಎಂಬ ನರ್ಸ್ ಸಂಶೋಧಕಿ ಸಂಧಿವಾತದ ರೋಗಿಗಳಿಗೆ ತರಗತಿ ಶುರು ಮಾಡಿದರು. ವಾರಕ್ಕೊಂದು ದಿನ. ಪಾಠ ಮಾಡುವವರು ಡಾಕ್ಟರಲ್ಲ, ಅದೇ ಕಾಯಿಲೆ ಇರುವ ಸಾಮಾನ್ಯ ಜನ. ಬಂದವರ ನೋವು ಕಮ್ಮಿಯಾಯಿತು. ಯಾಕೆ ಅಂತ ಹುಡುಕಿದಾಗ, ಎಷ್ಟು ವ್ಯಾಯಾಮ ಮಾಡಿದರು ಅನ್ನುವುದಕ್ಕಿಂತ ‘ಇದನ್ನು ನಾನು ನಿಭಾಯಿಸಬಲ್ಲೆ’ ಅನ್ನುವ ನಂಬಿಕೆ ಎಷ್ಟು ಬೆಳೆಯಿತು ಅನ್ನುವುದಕ್ಕೆ ಹೆಚ್ಚು ನಂಟು ಕಂಡಿತು. ಆ ತರಗತಿಗಳಲ್ಲಿ ಪ್ರತಿ ವಾರ ಒಬ್ಬೊಬ್ಬರೂ ಒಂದೇ ಒಂದು ಸಣ್ಣ ಕೆಲಸ ಆರಿಸಿಕೊಳ್ಳುತ್ತಾರೆ. ಆಮೇಲೆ ಒಂದು ಪ್ರಶ್ನೆ: ‘ಇದನ್ನು ಮಾಡೇ ಮಾಡ್ತೀನಿ ಅನ್ನುವ ನಂಬಿಕೆ ಹತ್ತಕ್ಕೆ ಎಷ್ಟು?’ ಏಳಕ್ಕಿಂತ ಕಮ್ಮಿ ಬಂದರೆ ಆ ವ್ಯಕ್ತಿಯನ್ನು ಬೈಯುವುದಿಲ್ಲ, ಕೆಲಸವನ್ನು ಇನ್ನೂ ಸಣ್ಣದು ಮಾಡುತ್ತಾರೆ.

ಇದನ್ನು ಅವ್ವನಿಗೆ ಹೇಳಿದೆ. ನಕ್ಕಳು. ‘ಸಂಘದಲ್ಲಿ ಸಾಲ ಕೊಡೋವಾಗ ನಾವು ಕೇಳೋದೂ ಇದೇ ಕಣೋ. ವಾರಕ್ಕೆ ಎಷ್ಟು ಕಟ್ತೀಯ ಅಂತ. ಕಟ್ಟಕ್ಕಾಗದಷ್ಟು ಸಾಲ ಕೊಟ್ರೆ ಅವಳೂ ಮುಳುಗ್ತಾಳೆ, ಸಂಘಾನೂ ಮುಳುಗ್ತದೆ.’

ಮಾರನೇ ವಾರ ನಮ್ಮೂರ ಆಶಾ ಅಕ್ಕ ಬಂದಾಗ ಅದೇ ಲೆಕ್ಕಕ್ಕೆ ಕೂತರು. ‘ಐದು ಬೇಡ ದೊಡ್ಡಮ್ಮ, ಒಂದು ಹೇಳು. ನಿನ್ನ ಕೈಲಿ ಆಗೋದು.’ ಅವ್ವ ಯೋಚನೆ ಮಾಡಿ ರಾತ್ರಿ ಮಾತ್ರೆ ಅಂದಳು. ಬೀರುವಿನಲ್ಲಿದ್ದ ಡಬ್ಬಿ ಅಡುಗೆಮನೆಯ ಉಪ್ಪಿನ ಡಬ್ಬಿ ಪಕ್ಕಕ್ಕೆ ಬಂತು. ಊಟ ಆದಮೇಲೆ ಮಾತ್ರೆ, ಮಾತ್ರೆ ನುಂಗಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು. ತಿಂಗಳ ಕೊನೆಗೆ 26 ಗೀಟು. ನನ್ನ ತಂಗಿ ‘ನಾಲ್ಕು ದಿನ ತಪ್ಪಿಸಿದೀಯ’ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಆಶಾ ಅಕ್ಕ ‘ಇಪ್ಪತ್ತಾರು ದಿನ ತಗೊಂಡಿದೆ ನೋಡು!’ ಅಂದರು. ಅವ್ವನ ಮುಖ ನೋಡಬೇಕಿತ್ತು.

ಎರಡನೇ ತಿಂಗಳು ಟೀ. ನಮ್ಮನೆಯಲ್ಲಿ ಎಲ್ಲರಿಗೂ ಒಂದೇ ಪಾತ್ರೆ, ಸಕ್ಕರೆ ಅದರೊಳಗೇ. ಈಗ ಸಕ್ಕರೆ ಹಾಕುವ ಮುಂಚೆ ಅವಳ ಲೋಟ ಬೇರೆ ತೆಗೆಯುತ್ತೇವೆ. ಆಮೇಲೆ ನಡಿಗೆ. ಹಳ್ಳಿಯಲ್ಲಿ ಹೆಂಗಸು ಸುಮ್ಮನೆ ನಡೆದರೆ ‘ಎಲ್ಲಿಗೆ ಹೊಂಟೆ?’ ಅಂತ ಹತ್ತು ಜನ ಕೇಳುತ್ತಾರೆ. ಹಿಂದಿನ ಬೀದಿಯ ಒಬ್ಬಾಕೆ ಡೈರಿಗೆ ಹಾಲು ಹಾಕಿ ಬರುವಾಗ ಕೆರೆ ಏರಿ ಸುತ್ತಿ ಬರುತ್ತಿದ್ದಳು, ಅವಳ ಶುಗರ್ ಇಳಿದಿತ್ತು. ಅವ್ವ ಅವಳ ಜೊತೆ ಸೇರಿದಳು. ನನ್ನ ನೂರು ಮಾತಿಗೆ ಏಳದವಳು ಅವಳನ್ನು ನೋಡಿ ಎದ್ದಳು.

ಶುಗರ್ ಪೂರ್ತಿ ನಾರ್ಮಲ್ ಆಗಿದೆ ಅಂತ ಹೇಳಲಾರೆ. ಖಾಲಿ ಹೊಟ್ಟೆಯ ರೀಡಿಂಗ್ 210 ಇದ್ದದ್ದು 148ಕ್ಕೆ ಬಂದಿದೆ.

ಹಾಗಂತ ಎಲ್ಲವನ್ನೂ ರೋಗಿಯ ಮನಸ್ಸಿನ ಮೇಲೆ ಹೊರಿಸುವುದು ಅನ್ಯಾಯ. ಸಕ್ಕರೆ ಕಾಯಿಲೆ, ಬಿಪಿ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದು 2010ರಲ್ಲಿ. 30 ದಾಟಿದ ಎಲ್ಲರಿಗೂ ತಪಾಸಣೆ ಮಾಡಬೇಕು, ಮಾತ್ರೆ ಪುಕ್ಕಟೆ ಕೊಡಬೇಕು ಅನ್ನುವುದು ಸರ್ಕಾರದ್ದೇ ಮಾತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಮಧುಮೇಹ ಇದೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜು ಮಾಡಿದೆ. ಆದರೆ ಕೂಲಿ ಬಿಟ್ಟು, ಬಸ್ ಹತ್ತಿ ಬಂದವರಿಗೆ ‘ಸ್ಟಾಕ್ ಇಲ್ಲ, ಹತ್ತು ದಿನದ್ದು ತಗೊಂಡು ಹೋಗಿ’ ಅಂದ ಕೇಂದ್ರವನ್ನೂ ನೋಡಿದ್ದೇನೆ. 26 ಗೀಟು ಎಳೆದವರ ಕೈಯನ್ನು ಅಂಥ ಒಂದು ದಿನ ಕಟ್ಟಿಹಾಕಬಲ್ಲದು. ಮಾತ್ರೆ ಇಲ್ಲದ ಕಡೆ ಬರೀ ನಂಬಿಕೆ ನುಂಗಲು ಆಗುವುದಿಲ್ಲ. ಸ್ಟಾಕ್ ಇಲ್ಲ ಅಂದರೆ ಯಾವಾಗ ಬರುತ್ತೆ ಅಂತ ಕೇಳಿ, ಗ್ರಾಮಸಭೆಯಲ್ಲಿ ಎತ್ತಿ, ನಮ್ಮಂಥವರಿಗೆ ಫೋನ್ ಮಾಡಿ.

ಮನೆಯಲ್ಲಿ ಶುಗರ್, ಬಿಪಿ ಇರುವವರಿದ್ದರೆ ಈ ವಾರ ಬುದ್ಧಿ ಹೇಳಬೇಡಿ, ಒಂದು ಪ್ರಶ್ನೆ ಕೇಳಿ. ನಿನ್ನೆ ನಾನು ಕೇಳಿದೆ. ರಾತ್ರಿ ಮುದ್ದೆ ಒಂದೂವರೆಯಿಂದ ಒಂದಕ್ಕೆ ಇಳಿಸುವ ಯೋಚನೆ ಅವ್ವನದು. ‘ಹತ್ತಕ್ಕೆ ಎಷ್ಟವ್ವ?’

‘ದಿನಾ ಅಂದ್ರೆ ಐದು.’

‘ವಾರಕ್ಕೆ ನಾಲ್ಕು ದಿನ ಅಂದ್ರೆ?’

ಸ್ವಲ್ಪ ಹೊತ್ತು ಸೌದೆ ಒಲೆ ಊದುತ್ತಾ ಕೂತಳು. ‘ಎಂಟು ಅಂತ ಬರ್ಕೋ.’