ಒಂದೆಲಗ ತಿಂದರೆ ನೆನಪು ಉಳಿಯುತ್ತದೆಯೇ?

ಪರೀಕ್ಷೆಗೆ ಒಂದೇ ತಿಂಗಳು ಇದ್ದಾಗ ನಮ್ಮ ಮನೆಯಲ್ಲಿ ನನ್ನ ಜ್ಞಾಪಕಶಕ್ತಿಯ ಚಿಂತೆ ಶುರುವಾಯಿತು. ಯಾರೋ ಹೇಳಿದ ಬ್ರಾಹ್ಮಿ ಟಾನಿಕ್ ತರಲು ಅಮ್ಮಿ ದುಡ್ಡು ತೆಗೆದಿಟ್ಟರು. ನಾಲ್ಕು ಬ್ಲೌಸ್ ಹೊಲಿದ ದುಡ್ಡು ಅದು. ಕಾಮರ್ಸ್ ಓದುವವರು ನಾವು, ಹಣ ಹಾಕುವ ಮೊದಲು ಲೆಕ್ಕ ನೋಡಬೇಕಲ್ಲವೇ? ನಾನೂ ಓದಿ, ಕೇಳಿ ತಿಳಿದುಕೊಂಡೆ.

ಬ್ರಾಹ್ಮಿ ಎಂಬ ಹೆಸರು ಎರಡು ಗಿಡಗಳಿಗಿದೆ. ಒಂದು ನಮ್ಮ ಮಲೆನಾಡಿನ ಒಂದೆಲಗ. ತೇವದ ನೆಲದಲ್ಲಿ ಹಬ್ಬುತ್ತದೆ; ಉದ್ದನೆಯ ತೊಟ್ಟಿನ ತುದಿಗೆ ಒಂದೇ ದುಂಡನೆಯ ಎಲೆ. ತುಳುವಿನಲ್ಲಿ ತಿಮರೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಇನ್ನೊಂದು ನೀರುಬ್ರಾಹ್ಮಿ. ಅದರ ಎಲೆ ಚಿಕ್ಕದು, ದಪ್ಪ, ಕಹಿ. ಆಯುರ್ವೇದದಲ್ಲಿ ಎರಡೂ ಬುದ್ಧಿಗೆ ಒಳ್ಳೆಯವೆಂದು ಹೆಸರಾಗಿವೆ. ಯುನಾನಿ ಹಕೀಮರೂ ‘ಬ್ರಾಹ್ಮಿ ಬೂಟಿ’ ಬಳಸುತ್ತಾರೆ. ಹಾಗಾಗಿ ಈ ಹೆಸರು ನಮ್ಮ ಮನೆಗೆ ಹೊಸದಲ್ಲ.

ನೆನಪಿಗೆ ಸಂಬಂಧಿಸಿ ವಿಜ್ಞಾನಿಗಳು ಹೆಚ್ಚು ಪರೀಕ್ಷಿಸಿರುವುದು ನೀರುಬ್ರಾಹ್ಮಿಯನ್ನು. ಅದರಲ್ಲಿರುವ ಬ್ಯಾಕೋಸೈಡ್ ಎಂಬ ಅಂಶಗಳ ಬಗ್ಗೆ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅಧ್ಯಯನ ಮಾಡಿದೆ. ವಯಸ್ಕರಿಗೆ ದಿನಕ್ಕೆ 300 ಮಿಲಿಗ್ರಾಂ ಸಾರವನ್ನು 12 ವಾರ ಕೊಟ್ಟ ಪ್ರಯೋಗಗಳಲ್ಲಿ ಕೆಲವು ಬಗೆಯ ನೆನಪು ಸ್ವಲ್ಪ ಸುಧಾರಿಸಿದೆ. ಕೆಲವರಿಗೆ ಹೊಟ್ಟೆಯೂ ಕೆಟ್ಟಿದೆ. 12 ವಾರ ಎಂದರೆ ಹತ್ತಿರ ಹತ್ತಿರ 3 ತಿಂಗಳು. ನನಗೆ ಇದ್ದದ್ದು ಒಂದು. ಲೆಕ್ಕ ಅಲ್ಲಿಗೇ ಮುಗಿಯಿತು.

ಆದರೆ ಅಮ್ಮಿಗೆ ಬೇಡ ಎನ್ನುವುದು ಸುಲಭವಲ್ಲ. ಅವರಿಗೆ ಓದಲು ಬರುವುದು ಉರ್ದು ಮಾತ್ರ. ನನ್ನ ಪುಸ್ತಕ ತೆರೆದು ಹೇಳಿಕೊಡಲು ಆಗುವುದಿಲ್ಲ. ಆ ಬಾಟಲಿಯೊಂದೇ ತಾವು ಕೊಡಬಹುದಾದ ಸಹಾಯ ಎಂದು ಅವರಿಗೆ ಅನಿಸಿತ್ತು.

ಆಗ ಭಾಯಿ ಹಿಫ್ಜ್ ಮಾಡಿದ ರೀತಿ ನೆನಪಾಯಿತು. ದಿನವೂ ಹೊಸ ಸಬಕ್ ಒಪ್ಪಿಸಿದ ಮೇಲೆ ಹಳೆಯದನ್ನೂ ಉಸ್ತಾದರಿಗೆ ಓದಿ ಕೇಳಿಸಬೇಕಿತ್ತು. 30 ಪಾರಾಗಳು ಮನಸ್ಸಿನಲ್ಲಿ ಉಳಿದದ್ದು ಹಾಗೆ. ಕಲಿತದ್ದನ್ನು ಮತ್ತೆ ಮತ್ತೆ ಹೇಳಬೇಕು, ಕೇಳಲು ಒಬ್ಬರು ಬೇಕು. “ಅಮ್ಮಿ, ಬಾಟಲಿ ಬೇಡ. ರಾತ್ರಿ ಅರ್ಧ ಗಂಟೆ ನನ್ನ ಪಾಠ ಕೇಳಿ” ಎಂದೆ.

ಈಗ ಹೊಲಿಗೆ ಮೆಷಿನ್ ನಿಲ್ಲಿಸಿ ಕೇಳುತ್ತಾರೆ. ಬಿಸಿನೆಸ್ ಸ್ಟಡೀಸ್‌ನ ಹೆನ್ರಿ ಫಯೋಲ್‌ನ 14 ತತ್ವಗಳನ್ನು ನಾನು ಹೇಳುತ್ತಾ ಹೋದರೆ ಬೆರಳು ಮಡಚಿ ಎಣಿಸುತ್ತಾರೆ. ನಡುವೆ ನಿಂತರೆ, “ಬಾರಾಚ್ ಹುಯೇ, ಔರ್ ದೋ ಬಾಕಿ” ಎನ್ನುತ್ತಾರೆ. ಹನ್ನೆರಡೇ ಆಯಿತು, ಇನ್ನೂ ಎರಡು ಬಾಕಿ! ತಪ್ಪಿಸಿಕೊಳ್ಳುವ ಹಾಗಿಲ್ಲ.

ಒಂದೆಲಗವನ್ನೇನೂ ನಾವು ಬಿಟ್ಟಿಲ್ಲ. ಪಕ್ಕದ ಮನೆಯ ಅಜ್ಜಿ ಬಾವಿಯ ಹತ್ತಿರ ಬೆಳೆದದ್ದನ್ನು ಕಿತ್ತು ಕೊಡುತ್ತಾರೆ. ಕಾಯಿ, ಜೀರಿಗೆ, ಕಾಳುಮೆಣಸಿನ ಜೊತೆ ಅರೆದು ಮಜ್ಜಿಗೆ ಸೇರಿಸಿದರೆ ತಂಬುಳಿ. ಬಿಸಿ ಅನ್ನಕ್ಕೆ ಬಹಳ ರುಚಿ, ಖರ್ಚೂ ಇಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲೂ ಟಾನಿಕ್ ಮಾತು ಬಂದರೆ ಮೊದಲು ಡಾಕ್ಟರನ್ನು ಕೇಳಿ. ಪಾಠ ಕೇಳಲು ಮಾತ್ರ ಮನೆಯವರನ್ನೇ ಕೂರಿಸಿಕೊಳ್ಳಿ.